ಲ್ಯಾಬ್ರಡಾರ್–ಗೋಲ್ಡನ್ ರಿಟ್ರೀವರ್ ಕ್ರಾಸ್ ಮಾಡಿಸುವುದು: ಜೋಡಿ ಹುಡುಕುವುದರಿಂದ ಮರಿ ಮನೆ ಸೇರುವವರೆಗೆ

"ಕ್ರಾಸ್ ಮರಿ ಆದ್ರೆ ಗಟ್ಟಿ ಇರುತ್ತೆ, ಕಾಯಿಲೆ ಬರಲ್ಲ." ನಾಯಿ ಸಾಕುವವರ ನಡುವೆ ಈ ಮಾತು ಎಷ್ಟು ಓಡಾಡಿದೆ ಅಂದ್ರೆ, ಎರಡು ತಳಿ ಕೂಡಿಸಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಇದರಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧದಿಂದ ಮರಿಗಳು ಜೀವನಪೂರ್ತಿ ಕುಂಟುತ್ತವೆ, ಕೆಲವು ಕುರುಡಾಗುತ್ತವೆ. ತಂದೆಗೂ ತಾಯಿಗೂ ಒಂದೇ ದೋಷ ಇದ್ದರೆ, ಅವು ಬೇರೆ ಬೇರೆ ತಳಿ ಅನ್ನುವುದು ಮರಿಯನ್ನು ಕಾಪಾಡುವುದಿಲ್ಲ. ಈ ಬರಹದ ಉದ್ದಕ್ಕೂ ನಾನು ಹೇಳಹೊರಟಿರುವುದು ಇದನ್ನೇ.

ಉದಾಹರಣೆಗೆ ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ಜೋಡಿಯನ್ನು ತೆಗೆದುಕೊಂಡಿದ್ದೇನೆ. ಎರಡೂ ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಗಾತ್ರ ಹೆಚ್ಚುಕಮ್ಮಿ ಒಂದೇ, ಸ್ವಭಾವವೂ ಹತ್ತಿರ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಹೊರದೇಶದ ಸಂಸ್ಥೆಗಳು ಬಹಳ ಕಾಲದಿಂದ ಈ ಎರಡನ್ನು ಬೇಕೆಂದೇ ಕೂಡಿಸುತ್ತಾ ಬಂದಿವೆ. ಬೇರೆ ಜೋಡಿಗಳಿಗೆ ಏನು ಬದಲಾಗುತ್ತದೆ ಎನ್ನುವುದನ್ನು ಅಲ್ಲಲ್ಲಿ ಹೇಳುತ್ತೇನೆ.

ಮೊದಲು: ಮರಿಗಳಿಗೆ ಮನೆ ಇದೆಯಾ?

ಲ್ಯಾಬ್, ಗೋಲ್ಡನ್‌ಗಳು ಒಂದು ಸೂಲಿಗೆ 6ರಿಂದ 8 ಮರಿ ಹಾಕುವುದು ಸಾಮಾನ್ಯ. 10 ದಾಟುವುದೂ ಉಂಟು. ಒಂದು ಮರಿ ನಿಮಗೆ, ಒಂದು ತಮ್ಮನಿಗೆ, ಒಂದು ಆಫೀಸಿನವರಿಗೆ. ಉಳಿದ ಮೂರರಿಂದ ಐದು? ಎಲ್ಲರೂ ಬಾಯಲ್ಲಿ "ನನಗೊಂದು ಇರಲಿ" ಅನ್ನುತ್ತಾರೆ. ಮರಿ ಹುಟ್ಟಿದ ಮೇಲೆ ಮನೆ ಓನರ್ ಒಪ್ಪಲಿಲ್ಲ, ಅತ್ತೆಗೆ ಇಷ್ಟವಿಲ್ಲ, ಫ್ಲಾಟ್ ಚಿಕ್ಕದು ಅನ್ನುತ್ತಾರೆ. ಕ್ರಾಸ್ ಮಾಡಿಸುವ ಮುಂಚೆಯೇ ಐದಾರು ಮನೆಗಳನ್ನು ಗಟ್ಟಿ ಮಾಡಿಕೊಳ್ಳಿ. ಆಗದಿದ್ದರೆ ಇಲ್ಲಿಗೇ ನಿಲ್ಲಿಸಿ.

ಮನೆಗೊಂದು ಮಿಶ್ರ ತಳಿಯ ಮರಿ ಬೇಕು ಅಂತಷ್ಟೇ ಆಸೆಯಿದ್ದರೆ ಇಷ್ಟೆಲ್ಲ ಬೇಕಿಲ್ಲ. ಬೆಂಗಳೂರಿನ ಆಶ್ರಯ ಕೇಂದ್ರಗಳಲ್ಲಿ ಬಿಟ್ಟುಹೋದ ಲ್ಯಾಬ್ ಕ್ರಾಸ್‌ಗಳು ಸಿಗುತ್ತವೆ. "ಹೆಣ್ಣು ನಾಯಿಗೆ ಒಂದು ಸಲವಾದರೂ ಮರಿ ಆಗಬೇಕು, ಇಲ್ಲದಿದ್ದರೆ ಅದರ ಆರೋಗ್ಯ ಕೆಡುತ್ತದೆ" ಅನ್ನುವುದೂ ಸುಳ್ಳು. ಅದಕ್ಕೆ ಯಾವ ಆಧಾರವೂ ಇಲ್ಲ.

ಕಾನೂನನ್ನೂ ತಿಳಿದಿರಿ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಬೆಳೆಸುವುದು ಮತ್ತು ಮಾರುವುದಕ್ಕೆ ನಿಯಮ ತಂದಿದೆ. ಅದರ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. 18 ತಿಂಗಳು ತುಂಬದ ಹೆಣ್ಣಿಗೆ ಮರಿ ಮಾಡಿಸುವಂತಿಲ್ಲ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇನ್ನೊಂದು ವಿಷಯ: ಶುದ್ಧ ತಳಿಯ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾ ಮಿಶ್ರ ತಳಿಯ ಮರಿಗಳಿಗೆ ಶುದ್ಧ ತಳಿಯ ಪೇಪರ್ ಕೊಡುವುದಿಲ್ಲ. ಕ್ರಾಸ್ ಮರಿಗೂ ಪೇಪರ್ ಮಾಡಿಸಿಕೊಡ್ತೀನಿ ಅನ್ನುವವರಿಂದ ದೂರ ಇರಿ.

ಜೋಡಿ ಆರಿಸುವುದು

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ ಕೆಲಸ ಇದು. ಮುಖ ಚೆನ್ನಾಗಿದೆ, ತಲೆ ದಪ್ಪ ಇದೆ ಅಂತ ಗಂಡು ಆರಿಸುವುದು ನಮ್ಮಲ್ಲಿ ರೂಢಿ. ತಲೆ ಆಮೇಲೆ ನೋಡೋಣ. ಮೊದಲು ಸೊಂಟ ನೋಡಿ.

ಲ್ಯಾಬ್‌ಗೂ ಗೋಲ್ಡನ್‌ಗೂ ಸೊಂಟದ ಕೀಲು ಸಡಿಲ ಇರುವ ಕಾಯಿಲೆ ಇದೆ. ಇದಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಅನ್ನುತ್ತಾರೆ. ಮೊಣಕೈ ಕೀಲಿಗೂ ಇಂಥದ್ದೇ ಬರುತ್ತದೆ. ಇದು ಒಂದು ಜೀನ್‌ನ ಆಟವಲ್ಲ, ಹಲವು ಜೀನ್‌ಗಳ ಜೊತೆಗೆ ತೂಕ, ಆಹಾರ, ನುಣುಪಾದ ಟೈಲ್ಸ್ ನೆಲ ಎಲ್ಲವೂ ಸೇರುತ್ತವೆ. ಹಾಗಾಗಿ ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಎರಡು ವರ್ಷ ತುಂಬಿದ ಮೇಲೆ ಅರೆ ಮಂಪರಿನಲ್ಲಿ ಮಲಗಿಸಿ, ಹಿಂಗಾಲು ನೇರ ಚಾಚಿಸಿ ಎಕ್ಸ್-ರೇ ತೆಗೆಸಬೇಕು. ನಾಯಿ ಚೆನ್ನಾಗಿ ಓಡಾಡುತ್ತಿದೆ ಅನ್ನುವುದು ಪ್ರಮಾಣವಲ್ಲ. ಒಳಗೆ ಕೀಲು ಹಾಳಾಗಿದ್ದರೂ ಎಳೆ ವಯಸ್ಸಿನಲ್ಲಿ ಎಷ್ಟೋ ನಾಯಿಗಳು ಕುಣಿದಾಡುತ್ತಲೇ ಇರುತ್ತವೆ. ಸೊಂಟ ಸರಿಯಿಲ್ಲದ ಲ್ಯಾಬನ್ನು ಸೊಂಟ ಸರಿಯಿಲ್ಲದ ಗೋಲ್ಡನ್‌ಗೆ ಕೂಡಿಸಿದರೆ ಮರಿಗೆ ಬರುವುದು ಎರಡು ಕಡೆಯ ಕೆಟ್ಟ ಸೊಂಟ. ಅದಕ್ಕೆ ಹೊಸ ತಳಿಯ ಹೆಸರು ಕೊಟ್ಟರೂ ಅಷ್ಟೇ.

ಇನ್ನು ಒಂದೇ ಜೀನ್‌ನಿಂದ ಬರುವ ಕಾಯಿಲೆಗಳು. ಇಲ್ಲಿ ಲೆಕ್ಕ ಸುಲಭ. ನಿಧಾನವಾಗಿ ರೆಟಿನಾ ಸವೆದು ಕುರುಡಾಗುವ ಒಂದು ಕಾಯಿಲೆ ಇದೆ. ಪಿಆರ್‌ಎ ಎಂದು ಕರೆಯುತ್ತಾರೆ. ಅದರ ಒಂದು ಬಗೆ, ಪಿಆರ್‌ಸಿಡಿ ಎನ್ನುವುದು, ಲ್ಯಾಬ್ ಮತ್ತು ಗೋಲ್ಡನ್ ಎರಡರಲ್ಲೂ ಇದೆ. ಕೆಟ್ಟ ಜೀನ್‌ನ ಒಂದು ಪ್ರತಿ ಇದ್ದರೆ ನಾಯಿಗೆ ಏನೂ ಆಗುವುದಿಲ್ಲ, ಅದು ಬರೀ ವಾಹಕ. ಆದರೆ ತಂದೆ ತಾಯಿ ಇಬ್ಬರೂ ವಾಹಕರಾದರೆ, ಪ್ರತಿ ಮರಿಗೂ ಕುರುಡಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಲ್ಲಿ ಒಬ್ಬರು ಪರೀಕ್ಷೆಯಲ್ಲಿ ಪೂರ್ತಿ ಶುದ್ಧ ಎಂದು ಬಂದರೆ ಸಾಕು, ಯಾವ ಮರಿಗೂ ಆ ಕಾಯಿಲೆ ಬರುವುದಿಲ್ಲ. ಕೆನ್ನೆಯ ಒಳಭಾಗವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ಪ್ರಯೋಗಾಲಯಕ್ಕೆ ಕಳಿಸುವಷ್ಟೇ ಕೆಲಸ.

ಲ್ಯಾಬ್ರಡಾರ್ ಕಡೆಯಿಂದ ಇಐಸಿ ಎಂಬ ಕಾಯಿಲೆಯನ್ನೂ ನೋಡಬೇಕು. ಹತ್ತು ಹದಿನೈದು ನಿಮಿಷ ಜೋರಾಗಿ ಓಡಿದ ಮೇಲೆ ಹಿಂಗಾಲು ಸೋತು ಕುಸಿಯುವ ತೊಂದರೆ ಅದು. ಗೋಲ್ಡನ್‌ನಲ್ಲಿ ಅದು ಸಾಮಾನ್ಯವಲ್ಲ. ಹಾಗಾಗಿ ಇಲ್ಲಿ ಕ್ರಾಸ್ ನಿಜವಾಗಿ ಲಾಭ ಕೊಡುತ್ತದೆ. ಗೋಲ್ಡನ್ ಕಡೆಯಿಂದ ಹೃದಯದ ಸದ್ದು ಕೇಳಿಸಿ, ಚರ್ಮದ ಅಲರ್ಜಿ ಇದೆಯಾ ಎಂದು ವಿಚಾರಿಸಿ, ಆ ಮನೆತನದ ನಾಯಿಗಳು ಯಾವ ವಯಸ್ಸಿಗೆ, ಏನಾಗಿ ಹೋದವು ಎಂದು ಕೇಳಿ. ಗೋಲ್ಡನ್‌ಗಳಿಗೆ ಕ್ಯಾನ್ಸರ್ ಕಾಟ ಜಾಸ್ತಿ. ಅದಕ್ಕೆ ಒಂದೇ ಪರೀಕ್ಷೆ ಅಂತ ಇಲ್ಲ, ಅಜ್ಜ ಅಜ್ಜಿಯರ ಆಯಸ್ಸೇ ದೊಡ್ಡ ಸುಳಿವು. ಸಿಟ್ಟಿನ ನಾಯಿ, ತೀರಾ ಪುಕ್ಕಲು ನಾಯಿ, ಎರಡನ್ನೂ ಬಿಟ್ಟುಬಿಡಿ.

ಮಿಶ್ರ ತಳಿ ಗಟ್ಟಿಯಾ ಅನ್ನುವ ಪ್ರಶ್ನೆಗೆ ಅಧ್ಯಯನವೂ ಇದೆ. 2013ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು ತಮ್ಮ ಆಸ್ಪತ್ರೆಯ ದಾಖಲೆಗಳನ್ನು ಇಟ್ಟುಕೊಂಡು 24 ವಂಶವಾಹಿ ಕಾಯಿಲೆಗಳನ್ನು ಹೋಲಿಸಿದರು. ಹತ್ತು ಕಾಯಿಲೆ ಶುದ್ಧ ತಳಿಗಳಲ್ಲಿ ಜಾಸ್ತಿ, ಒಂದು ಮಿಶ್ರ ತಳಿಗಳಲ್ಲಿ ಜಾಸ್ತಿ. ಉಳಿದ 13ರಲ್ಲಿ ವ್ಯತ್ಯಾಸವೇ ಇರಲಿಲ್ಲ. ಸೊಂಟದ ಕಾಯಿಲೆ ಆ 13ರಲ್ಲಿ ಒಂದು.

ಬೇರೆ ತಳಿಗಳನ್ನು ಯೋಚಿಸುತ್ತಿದ್ದರೆ ಮೂರು ಎಚ್ಚರಿಕೆ. ಗಂಡು ದೊಡ್ಡದು, ಹೆಣ್ಣು ಚಿಕ್ಕದು ಆಗುವ ಜೋಡಿ ಬೇಡ, ಮರಿ ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮೈಮೇಲೆ ಶಾಯಿ ಚೆಲ್ಲಿದಂತೆ ಬೂದು ಮಚ್ಚೆ ಇರುವ ಮೆರ್ಲ್ ಬಣ್ಣದ ಎರಡು ನಾಯಿಗಳನ್ನು ಕೂಡಿಸಲೇಬೇಡಿ. ಎರಡೂ ಕಡೆಯಿಂದ ಆ ಜೀನ್ ಪಡೆದ ಮರಿಗಳು ಕಿವುಡೋ ಕುರುಡೋ ಆಗಿ ಹುಟ್ಟುವ ಅಪಾಯ ತುಂಬಾ ಹೆಚ್ಚು. ಮೂರನೆಯದು, ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮುಖದವು. ಅವುಗಳ ತಲೆ ದೊಡ್ಡದು, ಹೆರಿಗೆ ಕಷ್ಟ, ಸಿಸೇರಿಯನ್ ಮಾಮೂಲಿ. ಉಸಿರಾಟದ ತೊಂದರೆ ಮರಿಗೂ ಬರಬಹುದು.

ಮುಧೋಳ ನಾಯಿ ಇರುವವರಿಗೆ ಒಂದು ಮಾತು. ದಯವಿಟ್ಟು ಅದನ್ನು ಗ್ರೇಹೌಂಡ್‌ಗೋ ಲ್ಯಾಬ್‌ಗೋ ಕ್ರಾಸ್ ಮಾಡಿಸಬೇಡಿ. ನಮ್ಮ ಬಾಗಲಕೋಟೆ ಸೀಮೆಯ ಈ ತಳಿಯನ್ನು ಉಳಿಸಲು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರವೇ ಇದೆ. ಒಳ್ಳೆಯ ಮುಧೋಳ ಹೆಣ್ಣು ಇದ್ದರೆ ಒಳ್ಳೆಯ ಮುಧೋಳ ಗಂಡನ್ನೇ ಹುಡುಕಿ.

ಮರಿ ಯಾವ ಬಣ್ಣ? ಇಲ್ಲಿ ಎಲ್ಲರೂ ಬೆಚ್ಚಿಬೀಳುತ್ತಾರೆ

ಕಪ್ಪು ಲ್ಯಾಬ್ ಮತ್ತು ಬಂಗಾರದ ಬಣ್ಣದ ಗೋಲ್ಡನ್ ಕೂಡಿದರೆ ಅರ್ಧ ಕಪ್ಪು ಅರ್ಧ ಬಂಗಾರ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಹೆಚ್ಚಿನ ಸಲ ಎಲ್ಲ ಮರಿಗಳೂ ಕಪ್ಪು!

ಕಾರಣ ಹೀಗಿದೆ. ಕೂದಲಲ್ಲಿ ಕಪ್ಪು ಬಣ್ಣ ಮೂಡಬೇಕೋ ಬೇಡವೋ ಎಂದು ತೀರ್ಮಾನಿಸುವ ಒಂದು ಜೀನ್ ಇದೆ. ಗೋಲ್ಡನ್‌ಗಳಲ್ಲಿ ಆ ಜೀನ್‌ನ ಎರಡೂ ಪ್ರತಿಗಳು "ಕಪ್ಪು ಬೇಡ" ಅನ್ನುವಂಥವು. ಹಾಗಾಗಿಯೇ ಅವು ಬಂಗಾರದ ಬಣ್ಣ. ಆದರೆ "ಕಪ್ಪು ಬೇಡ" ಅನ್ನುವುದು ನಡೆಯಬೇಕಾದರೆ ಎರಡೂ ಪ್ರತಿ ಹಾಗೇ ಇರಬೇಕು. ಕಪ್ಪು ಲ್ಯಾಬ್‌ನಿಂದ "ಕಪ್ಪು ಇರಲಿ" ಅನ್ನುವ ಒಂದು ಪ್ರತಿ ಬಂದರೆ ಮರಿ ಕಪ್ಪಾಗುತ್ತದೆ. ಲ್ಯಾಬ್ ಕಪ್ಪಾಗಿದ್ದೂ ಒಳಗೆ ಹಳದಿಯ ಒಂದು ಪ್ರತಿ ಅಡಗಿಸಿಕೊಂಡಿದ್ದರೆ ಮಾತ್ರ ಸುಮಾರು ಅರ್ಧ ಮರಿ ಹಳದಿ ಬರುತ್ತವೆ. ಚಾಕೊಲೇಟ್ ಲ್ಯಾಬ್ ಕಥೆ ಇನ್ನೂ ವಿಚಿತ್ರ. ಗೋಲ್ಡನ್‌ನ ಮೂಗು ನೋಡಿ, ಕಪ್ಪು. ಅಂದರೆ ಕಂದು ಅಲ್ಲ, ಕಪ್ಪು ಬಣ್ಣದ ಸೂಚನೆ ಅದರ ಹತ್ತಿರ ಇದೆ, ಕೂದಲಲ್ಲಿ ತೋರುತ್ತಿಲ್ಲ ಅಷ್ಟೆ. ಆದ್ದರಿಂದ ಚಾಕೊಲೇಟ್ ಮತ್ತು ಗೋಲ್ಡನ್ ಕೂಡಿದಾಗ ತಂದೆ ತಾಯಿ ಇಬ್ಬರ ಬಣ್ಣವೂ ಅಲ್ಲದ ಕಪ್ಪು ಮರಿಗಳು ಹುಟ್ಟುತ್ತವೆ. ಹಳದಿ ಲ್ಯಾಬ್ ಮತ್ತು ಗೋಲ್ಡನ್ ಆದರೆ ಎಲ್ಲವೂ ಕೆನೆಯಿಂದ ಬಂಗಾರದವರೆಗಿನ ಬಣ್ಣ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ನಮ್ಮಲ್ಲಿ ಕಪ್ಪು ಮರಿಯನ್ನು ಬೇಡ ಅನ್ನುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಬಂಗಾರದ ಬಣ್ಣದ ಮರಿ ಎಂದು ಮಾತು ಕೊಟ್ಟು, ಎಂಟು ಕಪ್ಪು ಮರಿ ಹುಟ್ಟಿದರೆ ಗಟ್ಟಿ ಮಾಡಿಕೊಂಡ ಮನೆಗಳು ಕೈಬಿಡುತ್ತವೆ. ಮೊದಲೇ ಹೇಳಿಬಿಡಿ.

ಕೂದಲಿನ ಉದ್ದವೂ ಹೀಗೆಯೇ. ಗಿಡ್ಡ ಕೂದಲಿನ ಜೀನ್ ಮೇಲುಗೈ. ಮೊದಲ ತಲೆಮಾರಿನ ಮರಿಗಳು ನೋಡಲು ಲ್ಯಾಬ್ ಕಡೆಗೇ ವಾಲುತ್ತವೆ. ಗೋಲ್ಡನ್‌ನ ಉದ್ದ ಜೂಲು ಬೇಕು ಎಂದು ಕಾದವರಿಗೆ ಅದು ಸಿಗುವುದಿಲ್ಲ. ಕೂದಲು ಉದುರುವುದು ಮಾತ್ರ ಎರಡೂ ಕಡೆಯಿಂದ ಧಾರಾಳವಾಗಿ ಬರುತ್ತದೆ.

ಕೂದಲು ಉದುರದ ನಾಯಿ ಬೇಕೆಂದೇ ಶುರುವಾದದ್ದು ಲ್ಯಾಬ್ರಡೂಡಲ್. 1989ರಲ್ಲಿ ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್, ಹವಾಯಿಯ ಅಂಧ ಮಹಿಳೆಯೊಬ್ಬರಿಗಾಗಿ ಲ್ಯಾಬ್ ಮತ್ತು ಗುಂಗುರು ಕೂದಲಿನ ಪೂಡಲ್ ತಳಿಯನ್ನು ಕೂಡಿಸಿದರು. ಆಕೆಯ ಗಂಡನಿಗೆ ನಾಯಿಯ ಅಲರ್ಜಿ ಇತ್ತು. ಹುಟ್ಟಿದ ಮೂರು ಮರಿಗಳಲ್ಲಿ ಅವರಿಗೆ ಒಗ್ಗಿದ್ದು ಒಂದೇ ಒಂದು. ಒಂದೇ ಸೂಲಿನಲ್ಲಿ ಇಷ್ಟು ವ್ಯತ್ಯಾಸ! ಆಮೇಲೆ ದುಡ್ಡಿಗಾಗಿ ಸಿಕ್ಕಸಿಕ್ಕವರು ಪರೀಕ್ಷೆ ಇಲ್ಲದೆ ಈ ಮರಿಗಳನ್ನು ಹುಟ್ಟಿಸುವುದನ್ನು ಕಂಡು ಕಾನ್ರನ್ ತಾನು ಶುರುಮಾಡಿದ್ದಕ್ಕೆ ಬಹಿರಂಗವಾಗಿಯೇ ನೊಂದುಕೊಂಡರು.

ಬೆದೆಯ ದಿನಗಳು

ಹೆಣ್ಣಿಗೆ ಎರಡು ವರ್ಷ ತುಂಬಿರಲಿ, ಎರಡು ಮೂರು ಬೆದೆ ಕಳೆದಿರಲಿ. ಮೊದಲ ಸೂಲು ಐದಾರು ವರ್ಷದವರೆಗೆ ಮುಂದೂಡುವುದೂ ಒಳ್ಳೆಯದಲ್ಲ. ಬೆದೆಗೆ ಬರುವ ಮುಂಚೆಯೇ ವ್ಯಾಕ್ಸಿನ್, ಜಂತುಹುಳುವಿನ ಔಷಧಿ ಮುಗಿಸಿ. ಗಂಡು ಹೆಣ್ಣು ಎರಡಕ್ಕೂ ಬ್ರುಸೆಲ್ಲಾ ರಕ್ತಪರೀಕ್ಷೆ ಮಾಡಿಸಿ. ನಾಯಿಗಳ ಬ್ರುಸೆಲ್ಲಾ ಕೂಡುವಾಗ ಹರಡುತ್ತದೆ, ಗರ್ಭ ಇಳಿಯುತ್ತದೆ, ಪೂರ್ತಿ ವಾಸಿ ಮಾಡುವುದು ಕಷ್ಟ, ಮನುಷ್ಯರಿಗೂ ತಗಲುತ್ತದೆ. ಗಂಡಿನ ಯಜಮಾನರು ಈ ಪರೀಕ್ಷೆಗೆ ಒಪ್ಪದಿದ್ದರೆ ಬೇರೆ ಗಂಡು ನೋಡಿ. ಉಣ್ಣಿ ಕಚ್ಚಿ ಬರುವ ಜ್ವರ ನಮ್ಮ ಕಡೆ ಸಾಮಾನ್ಯ, ಅದನ್ನೂ ಪರೀಕ್ಷಿಸಿಕೊಳ್ಳಿ.

ಬೆದೆ ಸುಮಾರು ಆರೇಳು ತಿಂಗಳಿಗೊಮ್ಮೆ ಬರುತ್ತದೆ, ಮೂರು ವಾರದಷ್ಟು ಇರುತ್ತದೆ. ಮೊದಲ ಒಂಬತ್ತು ದಿನ ಆಸುಪಾಸು ರಕ್ತ ಕಾಣಿಸುತ್ತದೆ, ಜನನಾಂಗ ಊದಿರುತ್ತದೆ, ಗಂಡು ಹತ್ತಿರ ಬಂದರೆ ಹೆಣ್ಣು ಗುರ್ ಅನ್ನುತ್ತದೆ. ಆಮೇಲೆ ರಕ್ತ ತಿಳಿಯಾಗುತ್ತದೆ, ಬೆನ್ನಿನ ಬುಡ ಕೆರೆದರೆ ಬಾಲ ಒಂದು ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಅದೇ ಕಾಲ.

"ಹನ್ನೊಂದನೇ ದಿನ, ಹದಿಮೂರನೇ ದಿನ ಬಿಡಿ" ಅನ್ನುವ ಲೆಕ್ಕ ಎಲ್ಲ ನಾಯಿಗೂ ಹೊಂದುವುದಿಲ್ಲ. ಕೆಲವು ಒಂಬತ್ತಕ್ಕೇ ತಯಾರು, ಕೆಲವು ಇಪ್ಪತ್ತಕ್ಕೂ ಇಲ್ಲ. ನಿಖರವಾಗಿ ತಿಳಿಯಲು ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಇದೆ. ಐದಾರನೇ ದಿನದಿಂದ ಒಂದೆರಡು ದಿನಕ್ಕೊಮ್ಮೆ ಮಾಡಿಸಿ. ಒಂದು ಮಿಲಿಲೀಟರಿಗೆ 5 ನ್ಯಾನೋಗ್ರಾಂ ಆಸುಪಾಸು ಬಂದಾಗ ಅಂಡ ಬಿಡುಗಡೆಯಾಗುತ್ತದೆ. ನಾಯಿಯ ಅಂಡ ಹಣ್ಣಾಗಲು ಅದಾದ ಮೇಲೂ ಎರಡು ದಿನ ಬೇಕು. ಹಾಗಾಗಿ ಅಲ್ಲಿಂದ ಎರಡು ಮೂರು ದಿನಕ್ಕೆ ಕೂಡಿಸುವುದು ಒಳ್ಳೆಯದು. ಈ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ. ಮರಿ ಹಾಕುವ ದಿನ ಸರಿಯಾಗಿ ಗೊತ್ತಾಗುತ್ತದೆ.

ಹೆಣ್ಣನ್ನು ಗಂಡಿನ ಮನೆಗೆ ಕರೆದೊಯ್ಯಿರಿ. ಸ್ವಂತ ಜಾಗದಲ್ಲಿ ಗಂಡಿಗೆ ಧೈರ್ಯ ಜಾಸ್ತಿ. ಬೆಳಗ್ಗೆ ತಂಪು ಹೊತ್ತಿನಲ್ಲಿ, ಹೊಟ್ಟೆ ತುಂಬಾ ತಿನ್ನಿಸದೆ ಬಿಡಿ. ನೆಲ ಜಾರಬಾರದು. ಸುತ್ತ ಜನ ಸೇರಿಸಬೇಡಿ. ಕೂಡಿದ ಮೇಲೆ ಎರಡೂ ಬೆನ್ನಿಗೆ ಬೆನ್ನು ಮಾಡಿ ಗಂಟು ಬೀಳುತ್ತವೆ. ಹತ್ತರಿಂದ ಮೂವತ್ತು ನಿಮಿಷ ಹಾಗೇ ಇರಬಹುದು. ಎಳೆಯಬೇಡಿ, ನೀರು ಎರಚಬೇಡಿ. ಹೆಣ್ಣು ಕುಳಿತುಬಿಡದಂತೆ ತಲೆಯ ಹತ್ತಿರ ನಿಂತು ಮೆಲ್ಲಗೆ ಹಿಡಿದುಕೊಳ್ಳಿ, ಸಾಕು. ಒಂದು ದಿನ ಬಿಟ್ಟು ಇನ್ನೊಮ್ಮೆ ಕೂಡಿಸಿ. ಹೆಣ್ಣು ಒಪ್ಪದೇ ಕಚ್ಚಲು ಬಂದರೆ ಬಾಯಿ ಕಟ್ಟಿ ಬಲವಂತ ಮಾಡುವವರಿದ್ದಾರೆ. ಅದು ಬೇಡ. ಹೆಚ್ಚಿನ ಸಲ ದಿನ ತಪ್ಪಿದೆ ಎಂದು ಅದರ ಅರ್ಥ.

ಕೂಡಿಸಿ ಮನೆಗೆ ಬಂದ ಮೇಲೆ ಗೇಟು ಭದ್ರ ಮಾಡಿ. ಬೆದೆ ಇನ್ನೂ ಮುಗಿದಿಲ್ಲ. ಬೀದಿಯ ಗಂಡು ಒಂದು ನುಗ್ಗಿದರೆ ಒಂದೇ ಸೂಲಿನಲ್ಲಿ ಎರಡು ತಂದೆಯ ಮರಿಗಳು ಹುಟ್ಟಬಹುದು. ವಾಕಿಂಗ್‌ಗೆ ಬೆಲ್ಟ್ ಹಾಕಿ ನೀವೇ ಕರೆದೊಯ್ಯಿರಿ.

ಗಬ್ಬದ ಒಂಬತ್ತು ವಾರ

ಅಂಡ ಬಿಡುಗಡೆಯಾದ ದಿನದಿಂದ ಸುಮಾರು 63 ದಿನಕ್ಕೆ ಮರಿ. ಕೂಡಿಸಿದ ದಿನದಿಂದ ಎಣಿಸಿದರೆ 58ರಿಂದ 68ರ ನಡುವೆ ಯಾವಾಗ ಬೇಕಾದರೂ ಆಗಬಹುದು. 28ನೇ ದಿನದ ಹೊತ್ತಿಗೆ ಸ್ಕ್ಯಾನ್ ಮಾಡಿಸಿದರೆ ಹೃದಯ ಬಡಿಯುವುದು ಕಾಣುತ್ತದೆ. ಮರಿ ಎಷ್ಟಿವೆ ಎಂದು ಸ್ಕ್ಯಾನ್‌ನಲ್ಲಿ ನಿಖರವಾಗಿ ಹೇಳಲಾಗದು. ಅದಕ್ಕೆ 55 ದಿನ ದಾಟಿದ ಮೇಲೆ ಒಂದು ಎಕ್ಸ್-ರೇ ತೆಗೆಸಿ, ಬೆನ್ನುಮೂಳೆ ಎಣಿಸಬಹುದು. ಏಳು ಇವೆ ಎಂದು ಗೊತ್ತಿದ್ದರೆ, ಆರು ಹುಟ್ಟಿ ನಿಂತಾಗ ಇನ್ನೊಂದು ಒಳಗಿದೆ ಎಂದು ತಿಳಿಯುತ್ತದೆ. ಈ ಎಕ್ಸ್-ರೇ ತಪ್ಪಿಸಬೇಡಿ.

ಮೊದಲ ಐದು ವಾರ ಊಟ ಹೆಚ್ಚಿಸಬೇಕಿಲ್ಲ. ಗಬ್ಬ ಅಂತ ತಿನ್ನಿಸಿ ಕೊಬ್ಬಿಸಿದರೆ ಹೆರಿಗೆ ಕಷ್ಟವಾಗುತ್ತದೆ. ಲ್ಯಾಬ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಸಿವು ತಣಿಯದಂತೆ ಮಾಡುವ ಜೀನ್ ದೋಷವೇ ಇದೆ, ಬಟ್ಟಲು ನೆಕ್ಕಿ ನಿಮ್ಮ ಮುಖ ನೋಡಿತು ಅಂತ ಕರಗಬೇಡಿ. ಆರನೇ ವಾರದಿಂದ ನಿಧಾನಕ್ಕೆ ಏರಿಸಿ, ಒಳ್ಳೆಯ ಗುಣಮಟ್ಟದ ಪಪ್ಪಿ ಫುಡ್‌ಗೆ ಬದಲಿಸಿ. ಮನೆಯ ಅಡುಗೆ ಕೊಡುವವರು ರಾಗಿ ಮುದ್ದೆ, ಮೊಸರನ್ನದ ಮೇಲೆಯೇ ನಿಲ್ಲಬೇಡಿ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲದು. ಕೋಳಿ, ಮೊಟ್ಟೆ ಸೇರಿಸಿ, ಪ್ರಮಾಣ ಡಾಕ್ಟರ ಹತ್ತಿರ ಕೇಳಿ. ಕೊನೆಯ ವಾರ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ನಾಲ್ಕು ಹೊತ್ತು ಕೊಡಿ.

ಕ್ಯಾಲ್ಸಿಯಂ ಟಾನಿಕ್ ಬೇಡ! ಮೂಳೆ ಬೆಳೆಯಲಿ ಅಂತ ಗಬ್ಬದಲ್ಲಿ ಬಾಟಲಿಗಟ್ಟಲೆ ಕುಡಿಸುತ್ತಾರೆ. ಹೊರಗಿನಿಂದ ಸುರಿದಷ್ಟೂ ದೇಹ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಅಭ್ಯಾಸ ಕಳೆದುಕೊಳ್ಳುತ್ತದೆ. ಹಾಲೂಡಿಸುವಾಗ ಒಮ್ಮೆಲೇ ಬೇಡಿಕೆ ಏರಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ನಾಯಿಗೆ ನಡುಕ, ಸೆಳೆತ ಬರುತ್ತದೆ. ಔಷಧಿ ಯಾವುದೇ ಆಗಲಿ, ಉಣ್ಣಿಗೆ ಹಾಕುವ ಇಂಜೆಕ್ಷನ್ ಕೂಡ, ಡಾಕ್ಟರನ್ನು ಕೇಳದೆ ಬೇಡ. ಕೋಲಿ ಜಾತಿಯ ರಕ್ತ ಇರುವ ಕ್ರಾಸ್‌ಗಳಿಗೆ ಇಂಥ ಇಂಜೆಕ್ಷನ್‌ಗಳಲ್ಲಿ ಬಳಸುವ ಐವರ್‌ಮೆಕ್ಟಿನ್ ಜಾಸ್ತಿಯಾದರೆ ಪ್ರಾಣಕ್ಕೇ ಅಪಾಯ ಎನ್ನುವುದನ್ನು ನೆನಪಿಡಿ.

ಕೊನೆಯ ಮೂರು ವಾರ ಮತ್ತು ಮರಿ ಹುಟ್ಟಿದ ಮೂರು ವಾರ ಹೊರಗಿನ ನಾಯಿಗಳ ಸಂಪರ್ಕ ತಪ್ಪಿಸಿ.

ಹೆರಿಗೆಯ ರಾತ್ರಿ

ರಾತ್ರಿ ಅಂತಲೇ ಹೇಳುತ್ತೇನೆ, ಹೆಚ್ಚಿನವು ರಾತ್ರಿಯೇ ಶುರುಮಾಡುತ್ತವೆ. ಹತ್ತು ದಿನ ಮುಂಚೆ ಪೆಟ್ಟಿಗೆ ಇಡಿ. ತಾಯಿ ಕಾಲು ಚಾಚಿ ಮಲಗುವಷ್ಟು ಅಗಲ ಇರಲಿ. ಒಳಗೆ ಸುತ್ತಲೂ ನೆಲದಿಂದ ಒಂದು ಗೇಣಿಗೂ ಕಡಿಮೆ ಎತ್ತರಕ್ಕೆ ಒಂದು ಪಟ್ಟಿ ಹೊಡೆಸಿ. ತಾಯಿ ಗೋಡೆಗೆ ಒರಗಿದಾಗ ಹಿಂದೆ ಸಿಕ್ಕ ಮರಿ ಅಪ್ಪಚ್ಚಿಯಾಗದೆ ಆ ಸಂದಿಯಲ್ಲಿ ಉಳಿಯುತ್ತದೆ. ಮೊದಲ ವಾರ ಮರಿ ಸಾಯುವುದಕ್ಕೆ ಇದೂ ಒಂದು ಕಾರಣ. ಹಾಸಲು ಪೇಪರ್, ಹಳೆಯ ಕಾಟನ್ ಸೀರೆ. ಜೊತೆಗೆ ಥರ್ಮಾಮೀಟರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಗೆದ ಟವೆಲ್‌ಗಳು, ಕುದಿಸಿದ ಕತ್ತರಿ, ದಾರ, ಅಯೋಡಿನ್ ದ್ರಾವಣ. ರಾತ್ರಿ ಫೋನ್ ಎತ್ತುವ, ಸಿಸೇರಿಯನ್ ಮಾಡಬಲ್ಲ ಡಾಕ್ಟರ ನಂಬರ್, ಕರೆದೊಯ್ಯಲು ಗಾಡಿ, ಸಿಸೇರಿಯನ್‌ಗೆ ಎತ್ತಿಟ್ಟ ದುಡ್ಡು, ಇವು ಮೂರೂ ಮೊದಲೇ ಗೊತ್ತಾಗಿರಲಿ. ಬೆಂಗಳೂರಿನಿಂದ ದೂರದ ತಾಲ್ಲೂಕುಗಳಲ್ಲಿ ಇರುವವರು ಇದನ್ನು ಇನ್ನೂ ಗಟ್ಟಿಯಾಗಿ ವಿಚಾರಿಸಿಕೊಳ್ಳಿ.

58ನೇ ದಿನದಿಂದ ಬೆಳಗ್ಗೆ ಸಂಜೆ ಗುದದ್ವಾರದಲ್ಲಿ ಉಷ್ಣತೆ ನೋಡಿ ಬರೆದಿಡಿ. ಸಾಮಾನ್ಯವಾಗಿ 101 ಡಿಗ್ರಿ ಫ್ಯಾರನ್‌ಹೀಟ್ ಸುತ್ತಮುತ್ತ ಇರುತ್ತದೆ. 99ಕ್ಕಿಂತ ಕೆಳಗೆ ಇಳಿದರೆ ಹೆಚ್ಚುಕಮ್ಮಿ ಒಂದು ದಿನದೊಳಗೆ ಮರಿ ಹಾಕುತ್ತದೆ. ಊಟ ಬಿಡುತ್ತದೆ, ತೇಕುತ್ತದೆ, ಹಾಸಿಗೆ ಕೆರೆಯುತ್ತದೆ. ಇದು ಆರರಿಂದ ಹನ್ನೆರಡು ಗಂಟೆ, ಚೊಚ್ಚಲಲ್ಲಿ ಇನ್ನೂ ಹೊತ್ತು ನಡೆಯಬಹುದು. ಸುಮ್ನೆ ಪಕ್ಕದಲ್ಲಿ ಕೂತಿರಿ.

ಆಮೇಲೆ ಮುಕ್ಕುವುದು, ಅಂದರೆ ಮರಿ ಹೊರಹಾಕಲು ತಿಣುಕುವುದು ಶುರು. ಮರಿ ನೀರಿನ ಚೀಲದಲ್ಲಿ ಸುತ್ತಿಕೊಂಡು ಬರುತ್ತದೆ. ಹಿಂಗಾಲು ಮೊದಲು ಬಂದರೂ ಗಾಬರಿ ಬೇಡ, ನಾಯಿಗಳಲ್ಲಿ ಅದು ಮಾಮೂಲಿ. ತಾಯಿ ಚೀಲ ಹರಿದು, ಮರಿ ನೆಕ್ಕಿ, ಹೊಕ್ಕುಳ ಬಳ್ಳಿ ಕಚ್ಚಿ ತುಂಡು ಮಾಡುತ್ತದೆ. ಚೊಚ್ಚಲ ತಾಯಿ ಕೆಲವೊಮ್ಮೆ ದಿಕ್ಕು ತೋಚದೆ ನೋಡುತ್ತಾ ನಿಲ್ಲುತ್ತದೆ. ಆಗ ತಡಮಾಡಬೇಡಿ. ಮೂಗಿನ ಕಡೆಯಿಂದ ಚೀಲ ಹರಿಯಿರಿ. ಬಾಯೊಳಗಿನ ಲೋಳೆ ಒರೆಸಿ. ತಲೆ ಸ್ವಲ್ಪ ತಗ್ಗಿಸಿ ಹಿಡಿದು ಒಣ ಟವೆಲ್‌ನಿಂದ ಬೆನ್ನು, ಎದೆ ಗಸಗಸ ಉಜ್ಜಿ. ಮೊದಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತದೆ. ಉಜ್ಜುತ್ತಾ ಹೋದಂತೆ ಬಾಯಿ ಒಮ್ಮೆ ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ನಾಲಿಗೆ ನೀಲಿಯಿಂದ ಗುಲಾಬಿಗೆ ತಿರುಗುತ್ತದೆ. ಆಮೇಲೆ ಕೀಂ ಅನ್ನುತ್ತದೆ. ಆ ಸದ್ದು ಬರುವವರೆಗೆ ಉಜ್ಜುವುದನ್ನು ಬಿಡಬೇಡಿ, ಹತ್ತು ಹದಿನೈದು ನಿಮಿಷ ಆದರೂ ಸರಿ. ಮರಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಬೀಸುವ ಹಳೆಯ ಪದ್ಧತಿ ಬೇಡವೇ ಬೇಡ, ಮಿದುಳಿಗೆ ಪೆಟ್ಟಾಗುತ್ತದೆ. ಬಳ್ಳಿಯನ್ನು ಹೊಟ್ಟೆಯಿಂದ ಒಂದು ಇಂಚು ಬಿಟ್ಟು ದಾರ ಕಟ್ಟಿ, ಆಚೆ ಕತ್ತರಿಸಿ, ತುದಿಗೆ ಅಯೋಡಿನ್ ಹಚ್ಚಿ. ಮರಿಗೊಂದರಂತೆ ಮಾಸು ಬಿದ್ದಿದೆಯಾ ಎಣಿಸಿಕೊಳ್ಳಿ.

ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಗೊಂದು ಮರಿ ಬರುತ್ತದೆ. ನಡುವೆ ತಾಯಿ ನಿದ್ದೆ ಹೋಗುವುದೂ ಇದೆ.

ಡಾಕ್ಟರ ಹತ್ತಿರ ಓಡಬೇಕಾದ ಹೊತ್ತು ಇವು. ಅರ್ಧ ಗಂಟೆ ಜೋರಾಗಿ ಮುಕ್ಕಿಯೂ ಮರಿ ಬಂದಿಲ್ಲ. ಮುಕ್ಕದೇ ಎರಡು ಗಂಟೆ ದಾಟಿತು, ಎಕ್ಸ್-ರೇ ಪ್ರಕಾರ ಇನ್ನೂ ಮರಿ ಇದೆ. ಮೊದಲ ಮರಿ ಬರುವ ಮುಂಚೆಯೇ ಕಡು ಹಸಿರು ಸ್ರಾವ ಕಂಡಿತು. ಮರಿ ಅರ್ಧ ಬಂದು ಸಿಕ್ಕಿಕೊಂಡಿತು. ಉಷ್ಣತೆ ಇಳಿದು ಒಂದು ದಿನ ಕಳೆದರೂ ಏನೂ ಆಗಿಲ್ಲ. ಇಂಥ ಹೊತ್ತಿನಲ್ಲಿ ಮನೆಗೆ ಯಾರನ್ನೋ ಕರೆಸಿ ಗರ್ಭಕೋಶ ಹಿಂಡುವಂತೆ ಮಾಡುವ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಿಸುವುದು ಅಪಾಯ. ದಾರಿಯಲ್ಲಿ ಮರಿ ಅಡ್ಡ ಸಿಕ್ಕಿದ್ದರೆ ಗರ್ಭಕೋಶವೇ ಹರಿಯಬಹುದು.

ಮೊದಲ ಮೂರು ವಾರ

ಹುಟ್ಟಿದ ಮರಿಗೆ ತನ್ನ ಮೈ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಮೊದಲ ವಾರ ಪೆಟ್ಟಿಗೆಯಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೆಂಗಳೂರಿನ ಡಿಸೆಂಬರ್‌ನಲ್ಲಿ ಬಲ್ಬು ಬೇಕೇ ಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಅದೇ ಬಲ್ಬು ಕೊಲ್ಲುತ್ತದೆ. ಪೆಟ್ಟಿಗೆಯ ಒಂದು ಮೂಲೆ ಮಾತ್ರ ಬೆಚ್ಚಗಿರಲಿ, ಬೇಕಾದ ಕಡೆ ಮರಿಗಳೇ ತೆವಳುತ್ತವೆ. ಗುಂಪುಗೂಡಿ ಅಳುತ್ತಿದ್ದರೆ ಚಳಿ, ದೂರದೂರ ಹರಡಿ ತೇಕುತ್ತಿದ್ದರೆ ಸೆಕೆ. ತಣ್ಣಗಾದ ಮರಿಗೆ ಹಾಲು ಕುಡಿಸಬೇಡಿ, ಜೀರ್ಣವಾಗುವುದಿಲ್ಲ. ಮೊದಲು ನಿಧಾನಕ್ಕೆ ಬೆಚ್ಚಗೆ ಮಾಡಿ.

ಮೊದಲ ದಿನದ ಗಿಣ್ಣು ಹಾಲು ಎಲ್ಲ ಮರಿಗೂ ಸಿಗಬೇಕು. ರೋಗ ತಡೆಯುವ ಶಕ್ತಿ ಅದರಲ್ಲೇ ಬರುವುದು. ಮರಿಗಳ ಕೊರಳಿಗೆ ಬೇರೆ ಬೇರೆ ಬಣ್ಣದ ಉಣ್ಣೆಯ ದಾರ ಸಡಿಲವಾಗಿ ಕಟ್ಟಿ, ದಿನಾ ಒಂದೇ ಹೊತ್ತಿಗೆ ತೂಗಿ ಬರೆಯಿರಿ. ಹುಟ್ಟಿದಾಗ ಸುಮಾರು 400 ಗ್ರಾಂ ಇರುವ ಮರಿ ಹತ್ತು ದಿನದಲ್ಲಿ ಎರಡು ಪಟ್ಟು ಆಗಬೇಕು. ಒಂದು ದಿನ ತೂಕ ನಿಂತರೆ ಆ ಮರಿಯನ್ನು ಹಾಲು ಜಾಸ್ತಿ ಇರುವ ಹಿಂದಿನ ಮೊಲೆಗೆ ಹಚ್ಚಿ. ಎರಡನೇ ದಿನವೂ ಏರದಿದ್ದರೆ ಡಾಕ್ಟರ ಹತ್ತಿರ ಹೋಗಿ. ಹೊರಗಿನ ಹಾಲು ಬೇಕಾದರೆ ನಾಯಿಮರಿಗೆಂದೇ ಮಾಡಿದ ಹಾಲಿನ ಪುಡಿ ತನ್ನಿ. ನಾಯಿಯ ಹಾಲು ಹಸುವಿನ ಹಾಲಿಗಿಂತ ಬಹಳ ಗಟ್ಟಿ, ಬರೀ ಹಸುವಿನ ಹಾಲು ಸಾಲದು. ಮಲಗಿಸಿ ಕುಡಿಸಬೇಡಿ, ಶ್ವಾಸಕ್ಕೆ ಹೋಗುತ್ತದೆ, ಹೊಟ್ಟೆ ಕೆಳಗಾಗಿಯೇ ಇರಲಿ.

ತಾಯಿಯನ್ನು ಮರೆಯಬೇಡಿ. ಹಾಲೂಡಿಸುವಾಗ ಅದಕ್ಕೆ ಎರಡು ಮೂರು ಪಟ್ಟು ಊಟ ಬೇಕು, ನೀರು ಸದಾ ಇರಬೇಕು. ಕೆಂಪು ಕಂದು ಸ್ರಾವ ಮೂರು ವಾರ ಇದ್ದರೆ ತೊಂದರೆಯಿಲ್ಲ, ಕೆಟ್ಟ ವಾಸನೆ ಬಂದರೆ ತೊಂದರೆ. ಮೊಲೆ ಗಟ್ಟಿಯಾಗಿ ಬಿಸಿಯಾಗಿ ಕೆಂಪಾದರೆ ಸೋಂಕು. ಎರಡರಿಂದ ನಾಲ್ಕು ವಾರದ ನಡುವೆ ತಾಯಿ ಚಡಪಡಿಸಿ, ಕಾಲು ಸೆಟೆದು, ನಡುಗತೊಡಗಿದರೆ ಅದು ಕ್ಯಾಲ್ಸಿಯಂ ಕುಸಿತ. ಮರಿಗಳನ್ನು ಬಿಡಿಸಿ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾದರೆ ತಾಯಿ ಉಳಿಯದೇ ಹೋಗಬಹುದು.

ಮೂರರಿಂದ ಎಂಟು ವಾರ

ಎರಡು ವಾರಕ್ಕೆ ಕಣ್ಣು ಬಿಡುತ್ತವೆ. ಅದೇ ಹೊತ್ತಿಗೆ ಜಂತುಹುಳುವಿನ ಮೊದಲ ಔಷಧಿ, ಆಮೇಲೆ ಎರಡು ವಾರಕ್ಕೊಮ್ಮೆ, ತೂಕ ನೋಡಿ ಡಾಕ್ಟರು ಹೇಳಿದಷ್ಟು. ಮೂರೂವರೆ ವಾರದಿಂದ ಪಪ್ಪಿ ಫುಡ್ಡನ್ನು ಬಿಸಿನೀರಲ್ಲಿ ನೆನೆಸಿ, ಗಂಜಿಯಂತೆ ಮಾಡಿ ತಟ್ಟೆಯಲ್ಲಿಡಿ. ಮೊದಲ ದಿನ ತುಳಿದಾಡುತ್ತವೆ, ವಾರದೊಳಗೆ ತಟ್ಟೆ ಖಾಲಿ. ಆರು ವಾರಕ್ಕೆ ಮೊದಲ ವ್ಯಾಕ್ಸಿನ್, ರೇಬಿಸ್ ಲಸಿಕೆ ಮೂರು ತಿಂಗಳಿಗೆ. ವಾಂತಿ, ರಕ್ತಭೇದಿ ಮಾಡಿಸಿ ಮರಿ ಕೊಲ್ಲುವ ಪಾರ್ವೋ ವೈರಸ್ ಚಪ್ಪಲಿಯಲ್ಲೂ ಬರುತ್ತದೆ. ಮರಿ ನೋಡಲು ಬಂದವರು ಚಪ್ಪಲಿ ಹೊರಗೆ ಬಿಟ್ಟು ಕೈಕಾಲು ತೊಳೆದು ಬರಲಿ. ಒಂದೇ ದಿನ ಎರಡು ಮೂರು ಕಡೆ ಮರಿ ನೋಡಿ ಬಂದವರನ್ನು ಒಳಗೆ ಬಿಡಬೇಡಿ.

ಈ ಐದು ವಾರದಲ್ಲಿ ಮರಿ ಕಂಡದ್ದು ಕೇಳಿದ್ದು ಜೀವನಪೂರ್ತಿ ಉಳಿಯುತ್ತದೆ. ಕುಕ್ಕರ್ ಸೀಟಿ, ಮಿಕ್ಸಿ, ಆಟೋ ಹಾರನ್, ಗಡ್ಡದವರು, ಮಕ್ಕಳು, ಕೊಡೆ ಹಿಡಿದವರು, ಎಲ್ಲವನ್ನೂ ಹೆದರಿಸದೆ ಪರಿಚಯ ಮಾಡಿಸಿ. ಪ್ರತಿ ಮರಿಯನ್ನೂ ದಿನಾ ಒಂದಿಷ್ಟು ಹೊತ್ತು ಒಂಟಿಯಾಗಿ ಎತ್ತಿಕೊಳ್ಳಿ, ಉಗುರು, ಕಿವಿ, ಬಾಯಿ ಮುಟ್ಟಿ ಅಭ್ಯಾಸ ಮಾಡಿಸಿ. ಎಂಟು ವಾರ ತುಂಬುವವರೆಗೆ ಒಡಹುಟ್ಟಿದವುಗಳ ಜೊತೆ ಇದ್ದರೆ ಎಷ್ಟು ಜೋರಾಗಿ ಕಚ್ಚಬಾರದು ಎಂದು ಅವುಗಳಿಂದಲೇ ಕಲಿಯುತ್ತವೆ. "35 ದಿನಕ್ಕೇ ಕೊಡಿ, ಚಿಕ್ಕದಿದ್ದರೆ ಹೊಂದಿಕೊಳ್ಳುತ್ತೆ" ಅನ್ನುವವರಿಗೆ ಕೊಡಬೇಡಿ.

ಮರಿ ಕೊಡುವಾಗ

ಯಾರಿಗೆ ಯಾವ ಮರಿ ಎಂದು ಬಣ್ಣ ನೋಡಿ ಅಲ್ಲ, ಸ್ವಭಾವ ನೋಡಿ ಕೊಡಿ. ತಂದೆ ತಾಯಿಯ ಎಕ್ಸ್-ರೇ, ಡಿಎನ್‌ಎ ವರದಿ, ವ್ಯಾಕ್ಸಿನ್ ಪುಸ್ತಕ, ಮರಿಯ ತೂಕದ ಪಟ್ಟಿ, ಈಗ ತಿನ್ನುತ್ತಿರುವ ಊಟ ನಾಲ್ಕು ದಿನಕ್ಕಾಗುವಷ್ಟು ಜೊತೆಗೆ ಹೋಗಲಿ. ಇದು ಲ್ಯಾಬ್ ಗೋಲ್ಡನ್ ಕ್ರಾಸ್, ಕೂದಲು ಉದುರುತ್ತದೆ, 30 ಕಿಲೋ ಆಸುಪಾಸು ಬೆಳೆಯುತ್ತದೆ, ಮೊದಲ ಒಂದು ವರ್ಷ ಮೆಟ್ಟಿಲು ಹತ್ತಿಳಿಯುವುದು ಕಡಿಮೆ ಇರಲಿ, ಮೈ ಬರಿಸಬಾರದು ಎಂದು ಬಾಯಿಬಿಟ್ಟು ಹೇಳಿ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ: ಯಾವ ಕಾರಣಕ್ಕೆ ಸಾಕಲು ಆಗದಿದ್ದರೂ, ಯಾವ ವಯಸ್ಸಿನಲ್ಲಾದರೂ, ಮರಿ ನಿಮ್ಮ ಹತ್ತಿರವೇ ವಾಪಸ್ ಬರಬೇಕು. ಮರಿ ಮಾಡಿಸುವ ಉದ್ದೇಶವಿಲ್ಲದವರು ದೊಡ್ಡದಾದ ಮೇಲೆ ಸಂತಾನಹರಣ ಚಿಕಿತ್ಸೆ ಮಾಡಿಸಲಿ. ಯಾವ ವಯಸ್ಸಿಗೆ ಎನ್ನುವುದನ್ನು ಡಾಕ್ಟರು ತೀರ್ಮಾನಿಸುತ್ತಾರೆ, ದೊಡ್ಡ ತಳಿಗಳಿಗೆ ತೀರಾ ಬೇಗ ಬೇಡ.

ಆಮೇಲೂ ಆ ಮನೆಗಳ ಸಂಪರ್ಕ ಬಿಡಬೇಡಿ. ಒಂದು ವಾಟ್ಸಾಪ್ ಗುಂಪು ಮಾಡಿಕೊಂಡರೆ ಸಾಕು. ಮರಿಗಳಿಗೆ ಎರಡು ವರ್ಷ ತುಂಬಿದಾಗ ಆದಷ್ಟು ಮನೆಯವರಿಂದ ಸೊಂಟದ ಎಕ್ಸ್-ರೇ ತೆಗೆಸಿ, ಖರ್ಚಲ್ಲಿ ಪಾಲು ಕೊಟ್ಟಾದರೂ ಸರಿ. ಜೋಡಿ ಸರಿಯಿತ್ತೋ ಇಲ್ಲವೋ ಎನ್ನುವುದು ಆ ಚಿತ್ರಗಳಲ್ಲೇ ಗೊತ್ತಾಗುವುದು. ಅವು ಕೈಗೆ ಬರುವವರೆಗೆ ಅದೇ ಗಂಡು ಹೆಣ್ಣನ್ನು ಇನ್ನೊಮ್ಮೆ ಕೂಡಿಸಬೇಡಿ.